11 ತಿಂಗಳಾದರೂ ಅಂಬೆಗಾಲಿಟ್ಟಿಲ್ಲ: ಕಾಯಬೇಕಾ, ತೋರಿಸಬೇಕಾ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಮಗಳಿಗೆ 11 ತಿಂಗಳು, 34 ವಾರಕ್ಕೇ ಹುಟ್ಟಿದವಳು. ಆರಾಮಾಗಿ ಕೂರುತ್ತಾಳೆ, ಆದರೆ ಅಂಬೆಗಾಲಿಡದೆ ಕೂತಲ್ಲೇ ಜರುಗುತ್ತಾಳೆ. ಪಕ್ಕದ ಮನೆಯ 9 ತಿಂಗಳ ಹುಡುಗ ಆಗಲೇ ಕುರ್ಚಿ ಹಿಡಿದು ನಿಲ್ಲುತ್ತಾನೆ. ಅತ್ತೆ 'ಬಂದೇ ಬರುತ್ತೆ ಬಿಡು' ಅನ್ನುತ್ತಾರೆ, ನಿಮಗೆ ಮಾತ್ರ ನಿದ್ದೆ ಹತ್ತುತ್ತಿಲ್ಲ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಇದರಿಂದ ಮಾತೂ ತಡವಾಗುತ್ತಾ ಅಂತ ಇನ್ನೊಂದು ಭಯ. ನಾನು ಚಿಂತಾಮಣಿ ಕಡೆ ಅಂಗನವಾಡಿಗಳಿಗೆ ಹೋಗಿ ಮಕ್ಕಳನ್ನು ತಪಾಸಣೆ ಮಾಡುವ ಆರ್‌ಬಿಎಸ್‌ಕೆ (ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡದಲ್ಲಿ ನರ್ಸ್. ನೀವು ಶಿಡ್ಲಘಟ್ಟದವರು ಅಂದಿದ್ದೀರಿ, ಹಾಗಾಗಿ ನಮ್ಮ ಕಡೆಯ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯುತ್ತೇನೆ.

ಮೊದಲು ವಯಸ್ಸಿನ ಲೆಕ್ಕ ಸರಿಮಾಡಿಕೊಳ್ಳಿ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಎರಡು ವರ್ಷದವರೆಗೂ ಹೆರಿಗೆ ಆಗಬೇಕಿದ್ದ ದಿನದಿಂದ ಲೆಕ್ಕ ಹಾಕಬೇಕು. ನಿಮ್ಮ ಮಗಳು ಸುಮಾರು ಆರು ವಾರ ಮುಂಚೆ ಬಂದಿದ್ದಾಳೆ, ಅಂದರೆ ಬೆಳವಣಿಗೆಯ ಲೆಕ್ಕದಲ್ಲಿ ಅವಳಿಗೆ ಈಗ ಒಂಬತ್ತೂವರೆ ತಿಂಗಳು. (ಲಸಿಕೆಗೆ ಈ ಲೆಕ್ಕ ಬೇಡ, ಅದಕ್ಕೆ ಹುಟ್ಟಿದ ದಿನವೇ ಲೆಕ್ಕ.)

ಇನ್ನು ಅಂಬೆಗಾಲು. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಒಂದು ಅಂದಾಜು ಪ್ರಕಟಿಸಿತು. ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ, ಹಿಡಿದುಕೊಂಡು ನಿಲ್ಲುವುದು 4.8ರಿಂದ 11.4ರ ನಡುವೆ, ಅಂಬೆಗಾಲು 5.2ರಿಂದ 13.5ರ ನಡುವೆ, ಒಬ್ಬರೇ ನಡೆಯುವುದು 8.2ರಿಂದ 17.6ರ ನಡುವೆ. ಎಷ್ಟು ಅಗಲವಾಗಿದೆ ನೋಡಿ! ಪಕ್ಕದ ಮನೆಯ ಹುಡುಗನೂ ಇದರೊಳಗೇ ಇದ್ದಾನೆ, ನಿಮ್ಮ ಮಗಳೂ ಇದರೊಳಗೇ ಇದ್ದಾಳೆ. ಆ ಅಧ್ಯಯನದಲ್ಲೇ ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲು ಇಡಲೇ ಇಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2022ರಲ್ಲಿ ತನ್ನ ಬೆಳವಣಿಗೆ ಹಂತಗಳ ಪಟ್ಟಿಯಿಂದ ಅಂಬೆಗಾಲನ್ನು ತೆಗೆದೇ ಹಾಕಿತು. ಕೂತು ಜರುಗುವ ಮಕ್ಕಳು ನಡೆಯುವುದು ಸ್ವಲ್ಪ ತಡವಾಗುವುದೂ ಉಂಟು. ಅಪ್ಪನೋ ಅಮ್ಮನೋ ಚಿಕ್ಕವರಿದ್ದಾಗ ಹಾಗೇ ಜರುಗುತ್ತಿದ್ದರಾ ಅಂತ ಅತ್ತೆಯವರನ್ನೇ ಕೇಳಿ ನೋಡಿ.

ಹಾಗಾದರೆ ಅತ್ತೆ ಹೇಳಿದ್ದು ಸರಿಯೇ? ಅಂಬೆಗಾಲಿನ ಮಟ್ಟಿಗೆ ಸರಿ. ಆದರೆ 'ಬಂದೇ ಬರುತ್ತೆ' ಅನ್ನುವ ಮಾತಿಗೆ ಒಂದು ಗಡುವು ಇರಬೇಕು. ಮೇಲಿನ ಅಂದಾಜಿಗೆ ಆ ಆರು ವಾರ ಸೇರಿಸಿದರೆ, ನಿಮ್ಮ ಮಗಳು ಹುಟ್ಟಿದ ದಿನದ ಲೆಕ್ಕದಲ್ಲಿ 13 ತಿಂಗಳಾಗುವಷ್ಟರಲ್ಲಿ ಏನನ್ನಾದರೂ ಹಿಡಿದು ನಿಲ್ಲಬೇಕು, ಹತ್ತೊಂಬತ್ತು ದಾಟುವ ಹೊತ್ತಿಗೆ ಒಬ್ಬಳೇ ನಾಲ್ಕು ಹೆಜ್ಜೆ ಹಾಕಬೇಕು. ಆ ಗಡುವು ಮೀರಿದ ಮೇಲೆ ಒಂದು ದಿನವೂ ಕಾಯುವುದು ಬೇಡ.

ನಾವು ಮಗುವನ್ನು ನೋಡುವಾಗ ಯಾವ ತಿಂಗಳಿಗೆ ಏನು ಮಾಡಿತು ಅನ್ನುವುದಕ್ಕಿಂತ ಹೇಗೆ ಮಾಡುತ್ತದೆ ಅನ್ನುವುದಕ್ಕೇ ಹೆಚ್ಚು ಕಣ್ಣಿಡುತ್ತೇವೆ. ನೀವೂ ಇವತ್ತೇ ನೋಡಬಹುದು. ಹೊಟ್ಟೆ ತುಂಬಿ, ನಿದ್ದೆ ಆಗಿ ಖುಷಿಯಾಗಿರುವಾಗ ಚಾಪೆ ಮೇಲೆ ಕೂರಿಸಿ. ಬೆನ್ನು ನೆಟ್ಟಗಿದೆಯಾ? ಎರಡೂ ಕೈಯಲ್ಲಿ ಆಟದ ಸಾಮಾನು ಹಿಡಿಯುತ್ತಾಳಾ, ಇಲ್ಲ ಯಾವಾಗಲೂ ಒಂದೇ ಕೈ ಚಾಚುತ್ತಾಳಾ? ಒಂದು ವರ್ಷದೊಳಗೆ ಮಗು ಒಂದೇ ಕೈ ಬಳಸಿದರೆ ನಮ್ಮ ಜನ 'ಎಡಚಿ ಆಗ್ತಾಳೆ' ಅಂತ ನಗುತ್ತಾರೆ. ನಾನು ಮಾತ್ರ ಇನ್ನೊಂದು ಕೈಯಲ್ಲಿ ಬಲ ಕಡಿಮೆ ಇದೆಯಾ ಅಂತ ತಕ್ಷಣ ನೋಡುತ್ತೇನೆ. ಎತ್ತಿ ನಿಲ್ಲಿಸಿದಾಗ ಕಾಲು ಬಿಗಿಯಾಗಿ ಕತ್ತರಿಯಂತೆ ಒಂದರ ಮೇಲೊಂದು ಬರುತ್ತಾ, ಬರೀ ಕಾಲ್ಬೆರಳ ತುದಿಯ ಮೇಲೇ ನಿಲ್ಲುತ್ತಾಳಾ? ಜರುಗುವಾಗ ಒಂದು ಕಾಲನ್ನು ಎಳೆದುಕೊಂಡು ಹೋಗುತ್ತಾಳಾ? ಇವುಗಳಲ್ಲಿ ಒಂದು ಕಂಡರೂ ಮೇಲಿನ ಗಡುವಿನ ಲೆಕ್ಕ ಬಿಟ್ಟು ಈ ವಾರವೇ ತೋರಿಸಿ. ಮುಂದೆ ಒಂದು ಪುರಿ ಕಾಳು ಇಡಿ. ಹೆಬ್ಬೆರಳು, ತೋರುಬೆರಳು ಸೇರಿಸಿ ಎತ್ತಲು ಶುರುಮಾಡುವ ವಯಸ್ಸು ಇದು. ಕಡಲೆಬೀಜ ಮಾತ್ರ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಕಿವಿಯ ವಿಷಯ ಒಂದಿಷ್ಟು ಬಿಡಿಸಿ ಹೇಳಬೇಕು. 'ಕುಕ್ಕರ್ ಕೂಗಿದರೆ ತಿರುಗುತ್ತಾಳೆ, ಕಿವಿ ಚೆನ್ನಾಗಿದೆ' ಅಂತ ಹತ್ತರಲ್ಲಿ ಒಂಬತ್ತು ಅಮ್ಮಂದಿರು ಹೇಳುತ್ತಾರೆ. ಕುಕ್ಕರ್ ವಿಷಲ್, ಬಾಗಿಲು ಬಡಿತ ಜೋರು ಸದ್ದು. ಅರ್ಧಂಬರ್ಧ ಕೇಳುವ ಮಗುವೂ ಅದಕ್ಕೆ ತಿರುಗುತ್ತದೆ, ಮಾತಿನ ಸಣ್ಣ ಸದ್ದು ಮಾತ್ರ ಅದಕ್ಕೆ ಮುಟ್ಟುವುದಿಲ್ಲ. ಹಿಂದೆ ನಿಂತು ಮೆಲ್ಲಗೆ ಹೆಸರು ಕರೆಯಿರಿ. 'ಬಬಬ', 'ದದದ' ಅನ್ನುತ್ತಾಳಾ ಗಮನಿಸಿ. ಹುಟ್ಟಿದಾಗ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಆಗಿತ್ತಾ ಅಂತ ಡಿಸ್ಚಾರ್ಜ್ ಚೀಟಿ ತೆಗೆದು ನೋಡಿ. ಆಗಿಲ್ಲವಾದರೆ ಈಗಲೇ ಮಾಡಿಸಿ, ಮಗುವಿಗೆ ನೋವಿಲ್ಲ. ಹುಟ್ಟುವಾಗ ತೂಕ ಕಡಿಮೆ ಇದ್ದು ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದಿದ್ದರೆ ಕಣ್ಣಿನ ಒಳಪರದೆ (ರೆಟಿನಾ) ನೋಡಿದ್ದರಾ ಅನ್ನುವುದನ್ನೂ ಅದರಲ್ಲೇ ಹುಡುಕಿ.

ತೆಲುಗು, ಕನ್ನಡ ಎರಡೂ ಕೇಳಿ ಬೆಳೆದರೆ ಮಾತು ತಡವಾಗುವುದಿಲ್ಲ. ಕೋಲಾರ, ಚಿಂತಾಮಣಿ, ಬಾಗೇಪಲ್ಲಿ, ಪಾವಗಡ ಎಲ್ಲ ಕಡೆ ಮಕ್ಕಳು ಹೀಗೇ ಬೆಳೆಯುತ್ತಾರೆ. ಪದ ಎಣಿಸುವಾಗ ಎರಡೂ ಭಾಷೆಯದನ್ನು ಒಟ್ಟಿಗೆ ಎಣಿಸಿ: ತೆಲುಗಿನ 'ಪಾಲು' (ಹಾಲು) ಒಂದು, ಕನ್ನಡದ 'ನಾಯಿ' ಒಂದು. ಒಂದು ವರ್ಷಕ್ಕೆ ಕೈ ತೋರಿಸುವುದು, ಟಾಟಾ ಮಾಡುವುದು ಬಾರದಿದ್ದರೆ, 16 ತಿಂಗಳಿಗೆ ಒಂದು ಪದವೂ ಇಲ್ಲದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಕೂಡಿಸದಿದ್ದರೆ ತೋರಿಸಲೇಬೇಕು. ಆಗ 'ಮನೇಲಿ ಎರಡು ಭಾಷೆ ಅದಕ್ಕೆ' ಅಂತ ಯಾರಾದರೂ ವಾಪಸ್ ಕಳಿಸಿದರೆ ಒಪ್ಪಬೇಡಿ.

ಎಲ್ಲಕ್ಕಿಂತ ನನಗೆ ಹೆದರಿಕೆ ಹುಟ್ಟಿಸುವುದು ಬಂದಿದ್ದು ಹೋಗುವುದು. ನಗುತ್ತಿದ್ದ ಮಗು ನಗು ನಿಲ್ಲಿಸಿದರೆ, ಕೂರುತ್ತಿದ್ದದ್ದು ಒಂದು ಕಡೆ ವಾಲತೊಡಗಿದರೆ ಅದೇ ದಿನ ಹೊರಡಿ. ಆರು ತಿಂಗಳಾದ ಮೇಲೂ ಬರೀ ಎದೆಹಾಲಿನಲ್ಲೇ ಇರುವ, ತಾಯಿಗೂ ವಿಟಮಿನ್ ಬಿ12 ಕಡಿಮೆ ಇರುವ ಮಕ್ಕಳು ಹೀಗೆ ಮಂಕಾಗುವುದನ್ನು ವೈದ್ಯರು ಕಾಣುತ್ತಿರುತ್ತಾರೆ. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಕೊಟ್ಟರೆ ಚೇತರಿಕೆಯೂ ಉಂಟು. ರಾಗಿ ಸರಿ ಒಳ್ಳೆಯದೇ, ಆದರೆ ಅದರಲ್ಲಿ ಬಿ12 ಇಲ್ಲ. ಹಾಲು, ಮೊಸರು, ತಿನ್ನುವ ಮನೆಯಾದರೆ ಮೊಟ್ಟೆ ಸೇರಿಸಿ.

ನಿಮ್ಮದು ರೇಷ್ಮೆ ಸಾಕುವ ಮನೆಯಾ? ಹುಳ ಹಣ್ಣಾಗುವ (ಗೂಡು ಕಟ್ಟಲು ಸಿದ್ಧವಾಗುವ) ದಿನಗಳಲ್ಲಿ ಮನೆಮಂದಿಗೆಲ್ಲ ಕೈತುಂಬ ಕೆಲಸ, ನೆಲವೆಲ್ಲ ಸೊಪ್ಪು, ಮಗು ಸೀರೆ ಜೋಲಿಯಲ್ಲೇ ಉಳಿದುಬಿಡುತ್ತದೆ. ಕೈಕಾಲು ಆಡಿಸಲು ನೆಲವೇ ಸಿಗದ ಮಗು ಹೇಗೆ ಮುಂದೆ ಹೋದೀತು? ಒಂದು ಮೂಲೆಯಲ್ಲಿ ಚಾಪೆ ಹಾಕಿ, ಬೋರಲು ಮಲಗಿಸಿ, ಕೈಗೆಟುಕದಷ್ಟು ದೂರದಲ್ಲಿ ಗಿಲಕಿ ಇಡಿ. ವಾಕರ್ ತಂದಿದ್ದರೆ ಅಟ್ಟಕ್ಕೆ ಹಾಕಿ. ಅದು ನಡಿಗೆ ಕಲಿಸುವುದಿಲ್ಲ, ಬೀಳಿಸುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ.

ತೋರಿಸುವುದಕ್ಕೆ ಬೆಂಗಳೂರಿಗೇ ಓಡಬೇಕಿಲ್ಲ. ಆಶಾ ಕಾರ್ಯಕರ್ತೆ 12ನೇ ತಿಂಗಳಿಗೆ, 15ನೇ ತಿಂಗಳಿಗೆ ಮನೆಗೆ ಬರಬೇಕು, ಬಾರದಿದ್ದರೆ ಅಂಗನವಾಡಿಯಲ್ಲಿ ಕೇಳಿ. ನಮ್ಮಂಥ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ. ತಿರುವನಂತಪುರದಲ್ಲಿ ರೂಪಿಸಿದ ಟಿಡಿಎಸ್‌ಸಿ ಎಂಬ, ಮಗುವಿನ ಬೆಳವಣಿಗೆ ನೋಡುವ 17 ಅಂಶಗಳ ಪಟ್ಟಿಯಿದೆ. ಮಗುವಿನ ವಯಸ್ಸಿಗೆ ನೇರ ಒಂದು ಗೆರೆ ಎಳೆದರೆ ಯಾವುದು ಹಿಂದುಳಿದಿದೆ ಅನ್ನುವುದು ಕೆಲವೇ ನಿಮಿಷದಲ್ಲಿ ತಿಳಿಯುತ್ತದೆ. ಅದರಲ್ಲಿ ಹಿಂದೆ ಬಿದ್ದರೆ ಕಾಯಿಲೆ ಅಂತಲ್ಲ, ವೈದ್ಯರು ಕೂಲಂಕಷವಾಗಿ ನೋಡಬೇಕು ಅಂತ ಅಷ್ಟೇ. ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಜಿಲ್ಲಾ ಕೇಂದ್ರ) ಎಲ್ಲಿದೆ ಅಂತ ಕೇಳಿ, ಅಲ್ಲಿ ದುಡ್ಡು ಕೊಡಬೇಕಿಲ್ಲ. ಮಾತು, ಕಿವಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ.

ಹೋಗುವಾಗ ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ ಮರೆಯಬೇಡಿ. ಮಗಳು ಜರುಗುವುದು, ಆಡುವುದು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಹೊಸ ಜಾಗ, ಹೊಸ ಮುಖ ಕಂಡು ಅಳುವ ಮಗು ಮನೆಯಲ್ಲಿ ಮಾಡುವ ಅರ್ಧದಷ್ಟನ್ನೂ ಅಲ್ಲಿ ಮಾಡಿ ತೋರಿಸುವುದಿಲ್ಲ.