ಸ್ಕಿನ್ ಕಲರ್ ಯಾರ ಬಣ್ಣ?

ಈ ಸಲ ಬಂದ ಪತ್ರಗಳಲ್ಲಿ ಮೂರನ್ನು ಆರಿಸಿಕೊಂಡಿದ್ದೇನೆ. ಮೂರರಲ್ಲೂ ಶಾಲೆಯಲ್ಲಿ ಮಕ್ಕಳು ತಮ್ಮ ಚಿತ್ರವನ್ನು ತಾವೇ ಬರೆದಿದ್ದಾರೆ, ಇಲ್ಲವೇ ಬರೆಯಲು ಒಲ್ಲೆ ಎಂದಿದ್ದಾರೆ. ಗಾಬರಿಯಾಗಿರುವುದು ಮಾತ್ರ ದೊಡ್ಡವರಿಗೆ.

ಪ್ರಶ್ನೆ: ಯಲ್ಲಾಪುರ ತಾಲೂಕಿನ ಶಾಲೆಯೊಂದರಲ್ಲಿ ನಾಲ್ಕನೇ ತರಗತಿಗೆ ಕಲಿಸುತ್ತೇನೆ. ನಮಗೆ ಡ್ರಾಯಿಂಗ್ ಸರ್ ಇಲ್ಲ, ಎಲ್ಲದಕ್ಕೂ ನಾನೇ. ಮೊನ್ನೆ 'ನಾನು' ಎಂದು ಬೋರ್ಡಿನ ಮೇಲೆ ಬರೆದು, ಚಿತ್ರ ಬರೆಯಿರಿ ಎಂದೆ. ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗಿಯೊಬ್ಬಳು ಮುಖಕ್ಕೆ ಡಬ್ಬಿಯಲ್ಲಿದ್ದ ತಿಳಿಗುಲಾಬಿ 'ಸ್ಕಿನ್ ಕಲರ್' ಹಚ್ಚಿ, ಕೂದಲನ್ನು ಸೊಂಟದವರೆಗೆ ನೇರ ಇಳಿಬಿಟ್ಟಿದ್ದಳು. ಪಕ್ಕದ ಹುಡುಗ ನೋಡಿ ನಕ್ಕ. ತಿದ್ದಿಸಬೇಕಿತ್ತೇ? ನಾನು ಸುಮ್ಮನಿದ್ದೆ.

ಉತ್ತರ: ಅಕ್ಕೋರೇ, ಚಿತ್ರ ತಿದ್ದಿಸದೆ ಬಿಟ್ಟದ್ದು ಸರಿ. ನಕ್ಕವನನ್ನು ಹಾಗೇ ಬಿಟ್ಟದ್ದು ಸರಿಯಲ್ಲ. ಬೈಯಬೇಕಿರಲಿಲ್ಲ, 'ಅದು ಅವಳ ಚಿತ್ರ, ನಿನ್ನದೆಲ್ಲಿ ತೋರಿಸು' ಎಂದಿದ್ದರೆ ಸಾಕಿತ್ತು.

ಹುಡುಗಿಗೆ ತನ್ನ ಬಣ್ಣದ ಬಗ್ಗೆ ನಾಚಿಕೆ ಎಂದು ಈಗಲೇ ತೀರ್ಮಾನಿಸಬೇಡಿ. ಏಳರಿಂದ ಒಂಬತ್ತರ ಮಕ್ಕಳು ಕಣ್ಣಿಗೆ ಕಂಡದ್ದಕ್ಕಿಂತ ಹೆಚ್ಚಾಗಿ ತಮಗೆ ಗೊತ್ತಿರುವುದನ್ನು ಬರೆಯುತ್ತಾರೆ. ಎಲೆ ಹಸಿರು, ಸೂರ್ಯ ಹಳದಿ, ನೆಲವೆಂದರೆ ಕೆಳಗೊಂದು ಗೆರೆ. ಮಕ್ಕಳ ಚಿತ್ರಗಳಲ್ಲಿ ವಯಸ್ಸಿನ ಹಂತಗಳನ್ನು ಗುರುತಿಸಿದ ವಿಕ್ಟರ್ ಲೋವೆನ್‌ಫೆಲ್ಡ್ ಇದನ್ನೊಂದು ಪ್ರತ್ಯೇಕ ಹಂತವೆಂದೇ ಎಣಿಸಿದರು. ಮುಖಕ್ಕೆ ಯಾವ ಬಣ್ಣ ಎಂದು ಡಬ್ಬಿಯೇ ಹೇಳುತ್ತಿದ್ದರೆ ಮಗು ಅದನ್ನೇ ಎತ್ತಿಕೊಳ್ಳುತ್ತದೆ. ಅಮೆರಿಕದ ಕ್ರೇಯೋಲಾ ಕಂಪನಿ ತನ್ನ 'ಫ್ಲೆಶ್' ಬಳಪದ ಹೆಸರನ್ನು 1962ರಲ್ಲೇ 'ಪೀಚ್' ಎಂದು ಬದಲಿಸಿತು. ನಮ್ಮ ಮಕ್ಕಳ ಬಾಯಲ್ಲಿ ಆ ಕಡ್ಡಿ ಇವತ್ತಿಗೂ ಸ್ಕಿನ್ ಕಲರ್. ಇಡೀ ಜಿಲ್ಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೂ ಆ ಬಣ್ಣದ ಚರ್ಮ ಒಂದಾದರೂ ಸಿಕ್ಕೀತೆಂದು ನನಗನ್ನಿಸುವುದಿಲ್ಲ.

ಕೂದಲಿನ ಮಾತು ಬೇರೆ. ಅದನ್ನು ಯಾವ ಡಬ್ಬಿಯೂ ಹೇಳಿಕೊಟ್ಟಿಲ್ಲ. ಟೀವಿ, ಗೊಂಬೆ, ಪುಸ್ತಕದ ಚಿತ್ರ, ಮುಂದಿನ ಬೆಂಚಿನ ಗೆಳತಿಯ ಜಡೆ, ಯಾವುದಾದರೂ ಇರಬಹುದು. ಅವಳು ಒಬ್ಬಳೇ ಇದ್ದಾಗ 'ಇವಳ ಬಗ್ಗೆ ಸ್ವಲ್ಪ ಹೇಳು' ಎಂದು ಕೇಳಿ. 'ಇದು ನೀನಾ?' ಎನ್ನಬೇಡಿ, ಆ ಪ್ರಶ್ನೆಯಲ್ಲೇ 'ಅಲ್ಲ' ಎಂಬ ಉತ್ತರ ಕೂತಿರುತ್ತದೆ. ಅವಳು ರಾಜಕುಮಾರಿಯ ಕತೆ ಹೇಳಿದರೆ ಅದು ರಾಜಕುಮಾರಿ. 'ಹೀಗಿದ್ದರೆ ಯಾರೂ ನಗುವುದಿಲ್ಲ' ಎಂದರೆ, ಸರಿಯಾಗಬೇಕಾದದ್ದು ನಿಮ್ಮ ತರಗತಿ, ಅವಳ ಚಿತ್ರವಲ್ಲ.

ಮುಂದಿನ ಶನಿವಾರ ಬಳಪದ ಡಬ್ಬಿ ಕಪಾಟಿನಲ್ಲೇ ಇರಲಿ. ಕೆಂಪು, ಹಳದಿ, ನೀಲಿ, ಬಿಳಿ, ನಾಲ್ಕು ಪೋಸ್ಟರ್ ಕಲರ್ ಸಾಕು. ಕೆಂಪಿಗೆ ಹಳದಿ ಬೆರೆಸಿ, ಬೆಂಕಿಕಡ್ಡಿಯ ತುದಿಯಷ್ಟು ನೀಲಿ ತಾಗಿಸಿದರೆ ಕಂದು ಹುಟ್ಟುತ್ತದೆ. ಇನ್ನಷ್ಟು ನೀಲಿ ಹಾಕಿದರೆ ಗಾಢ, ಬಿಳಿ ಹಾಕಿದರೆ ತಿಳಿ. ಪ್ರತಿ ಮಗು ತನ್ನ ಮುಂಗೈ ಮೇಲೆ ಒಂದು ಬೊಟ್ಟು ಇಟ್ಟು, ಬೊಟ್ಟು ಚರ್ಮದಲ್ಲಿ ಕರಗಿ ಕಾಣದಂತಾಗುವವರೆಗೆ ಬಣ್ಣ ಬೆರೆಸಲಿ. ನೀವೂ ಬೆರೆಸಿ, ಹೆಡ್‌ಮಾಸ್ತರರೂ ಬೆರೆಸಲಿ. ಕೊನೆಗೆ ತಮ್ಮ ಬಣ್ಣಕ್ಕೆ ತಾವೇ ಹೆಸರಿಡಲಿ. ನಾನು ಮಾಡಿಸಿದ ಕಡೆಗಳಲ್ಲಿ ಜೋನಿಬೆಲ್ಲ, ಚಾಲಿ ಅಡಿಕೆ, ಹುರಿದ ಗೇರುಬೀಜ, 'ನಮ್ಮಜ್ಜಿಯ ಕವಳದ ಸಂಚಿ', ಹೀಗೆಲ್ಲ ಹೆಸರು ಬಂದಿವೆ. ಸ್ಕಿನ್ ಕಲರ್ ಎಂಬ ಮಾತು ಆ ತರಗತಿಗಳಲ್ಲಿ ಮತ್ತೆ ನನ್ನ ಕಿವಿಗೆ ಬೀಳಲಿಲ್ಲ.

ಪೋಸ್ಟರ್ ಕಲರಿಗೆ ದುಡ್ಡಿಲ್ಲವೆಂದರೆ ಮಣ್ಣು ಇದ್ದೇ ಇದೆ. ಸಿರಸಿ, ಸಿದ್ದಾಪುರ, ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲಿನ ಹಸೆ ಚಿತ್ತಾರಕ್ಕೆ ಕೆಮ್ಮಣ್ಣಿನಿಂದ ಕೆಂಪು, ಅಕ್ಕಿ ಹಿಟ್ಟಿನಿಂದ ಬಿಳಿ, ಸುಟ್ಟ ಅಕ್ಕಿಯಿಂದ ಕಪ್ಪು ಮಾಡಿಕೊಳ್ಳುತ್ತಾರೆ. ಕುಂಚವೆಂದರೆ ಪುಂಡಿ ನಾರು. ಜರಡಿ ಹಿಡಿದ ಮಣ್ಣಿಗೆ ಸ್ವಲ್ಪ ಅಂಟು ಬೆರೆಸಿದರೆ ಮಕ್ಕಳಿಗೆ ಬಣ್ಣ ತಯಾರು.

ಕವುದಿಯನ್ನೂ ನೆನಪಿಸುತ್ತೇನೆ. ಸಿದ್ದಿ ಹೆಂಗಸರು ಹಳೆ ಸೀರೆ, ಲುಂಗಿ, ಅಂಗಿಯ ತುಂಡುಗಳನ್ನು ಅಂಚಿನಿಂದ ನಡುವಿಗೆ ಕೈಹೊಲಿಗೆ ಹಾಕುತ್ತ ಬರುತ್ತಾರೆ. ಮೂಲೆಗಳಿಗೆ ತ್ರಿಕೋನದ ಬಟ್ಟೆಯ ಹೂ ಕೂರಿಸದೆ ಕವುದಿ ಮುಗಿಯುವುದಿಲ್ಲ. ತರಗತಿಗೆಲ್ಲ ಸೇರಿ ಒಂದು ಕಾಗದದ ಕವುದಿ ಮಾಡಿಸಿ. ಚಹಾಪುಡಿ ಪೊಟ್ಟಣ, ಬಸ್ ಟಿಕೆಟ್, ಹರಿದ ಅಂಗಿಯ ಜೇಬು, ತಮ್ಮದೆನ್ನಿಸಿದ್ದನ್ನು ಪ್ರತಿ ಮಗು ತಂದು ಅಂಟಿಸಲಿ.

ಇಲ್ಲೊಂದು ಎಚ್ಚರಿಕೆ ಬೇಕು. ಆ ಹುಡುಗಿಗೇ ಕವುದಿ ಬರೆಯಲು ಹೇಳಬೇಡಿ. ಪ್ರತಿಭಾ ಕಾರಂಜಿಯ ಛದ್ಮವೇಷ ಬಂತೆಂದರೆ ಹಾಲಕ್ಕಿ ಮಗುವಿಗೆ ಮಣಿಸರ, ಸಿದ್ದಿ ಮಗುವಿಗೆ ಡಮಾಮಿ ಡೋಲು, ಮೀನುಗಾರರ ಮಗುವಿಗೆ ಬಲೆ ಹೊರಿಸುವ ಉತ್ಸಾಹ ನಮ್ಮಲ್ಲಿ ಜಾಸ್ತಿ. ಪ್ರೀತಿಯಿಂದಲೇ ಮಾಡುತ್ತೇವೆ, ಫೋಟೋ ಕೂಡ ಚೆಂದ ಬರುತ್ತದೆ. ಆದರೆ ಗುಲಾಬಿ ಬಳಪ ಹೊರಗಿನಿಂದ ಹಚ್ಚಿದ ಬಣ್ಣವಾದರೆ ಇದೂ ಹೊರಗಿನಿಂದ ತೊಡಿಸಿದ ವೇಷವೇ. ಡಮಾಮಿ ಅವಳ ಮನೆಯದು. ಅದನ್ನು ಬರೆಯಬೇಕೋ, ರಾಕೆಟ್ ಬರೆಯಬೇಕೋ ಅವಳು ನೋಡಿಕೊಳ್ಳಲಿ.

ನಾನೂ ಎಡವಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ 'ನಿಮ್ಮ ಮನೆ, ನಿಮ್ಮ ಅಪ್ಪ ಅಮ್ಮ' ಬರೆಯಿರಿ ಎಂದಿದ್ದೆ. ಹಾಸ್ಟೆಲಿನಲ್ಲಿದ್ದ ಹುಡುಗನೊಬ್ಬ ಗಂಟೆ ಬಾರಿಸುವವರೆಗೂ ಪೆನ್ಸಿಲ್ ಚೂಪು ಮಾಡುತ್ತ ಕೂತ. ಅಂದಿನಿಂದ 'ನಿನಗೆ ಆರಾಮ ಅನ್ನಿಸುವ ಜಾಗ' ಎನ್ನುತ್ತೇನೆ. ಅದಕ್ಕೆ ಬಸ್‌ಸ್ಟ್ಯಾಂಡ್ ಬರೆದವರಿದ್ದಾರೆ, ಪಾತಿ ದೋಣಿಯ ಒಳಗನ್ನು ಬರೆದವರಿದ್ದಾರೆ.

ಪ್ರಶ್ನೆ: ನಮ್ಮದು ಕಾರವಾರ. ಮಗಳು ಏಳನೇ ತರಗತಿ. ಮೊದಲು ಗೋಡೆ ಬಿಡದೆ ಚಿತ್ರ ಬರೆಯುತ್ತಿದ್ದಳು. ಈಗ ಶಾಲೆಯಲ್ಲಿ ಕನ್ನಡಿ ನೋಡಿ ಸ್ವಂತ ಮುಖ ಬರೆಯಲು ಹೇಳಿದರೆ ಹಾಳೆ ತೂತಾಗುವಷ್ಟು ಅಳಿಸಿ, 'ನಂಗೆ ಬರೂದಿಲ್ಲ ಆಯಿ' ಎಂದು ಅತ್ತಳು. ಆದರೆ ನೋಟ್‌ಬುಕ್ಕಿನ ಹಿಂದೆಲ್ಲ ಜಪಾನಿನ ಅನಿಮೆ ಹುಡುಗಿಯರು. ಡ್ರಾಯಿಂಗ್ ಲೋಯರ್ ಪರೀಕ್ಷೆಗೆ ಕೂರಿಸಿದರೆ ಸರಿಹೋದಾಳೇ?

ಉತ್ತರ: ಹನ್ನೊಂದು, ಹನ್ನೆರಡರ ಸುಮಾರಿಗೆ ಕಣ್ಣು ಕೈಗಿಂತ ಮುಂದೆ ಓಡುತ್ತದೆ. ತಪ್ಪು ಕಾಣುತ್ತದೆ, ತಿದ್ದಲು ಬರುವುದಿಲ್ಲ. ಎಷ್ಟೋ ಮಂದಿ ಚಿತ್ರ ಬಿಡುವುದು ಇದೇ ವಯಸ್ಸಿನಲ್ಲಿ. ಅದರ ಮೇಲೆ ಮೈಯೂ ಬದಲಾಗುತ್ತಿರುತ್ತದೆ. ಕನ್ನಡಿಯೇ ಕಷ್ಟದ ವಸ್ತು. ನೀವು 'ಚೆನ್ನಾಗೇ ಇದೆಯಲ್ಲೇ' ಎಂದರೆ ಆಯಿಗೆ ಕಣ್ಣು ಕಾಣುವುದಿಲ್ಲ ಎಂದುಕೊಳ್ಳುತ್ತಾಳೆ, ಅಷ್ಟೇ.

ಲೋಯರಿನಿಂದ ಕೈಗೆ ಅಳತೆ, ಅಭ್ಯಾಸ ಸಿಗುತ್ತದೆ, ಅದು ಒಳ್ಳೆಯದೇ. ಈ ಅಳುವಿಗೆ ಮದ್ದು ಮಾತ್ರ ಅದಲ್ಲ. ಅನಿಮೆ ಮುಖಗಳನ್ನು ಕಾಪಿ ಎಂದು ತಳ್ಳಿಹಾಕಬೇಡಿ. ಅವಳು ಒಂದೊಂದೇ ಮುಖ ತೊಟ್ಟು ನೋಡುತ್ತಿದ್ದಾಳೆ, ದೀಪಾವಳಿಗೆ ಬಟ್ಟೆಯಂಗಡಿಯಲ್ಲಿ ನಾವು ಮಾಡುವ ಹಾಗೆ. ಹದಿಹರೆಯದ 'ನಾನು ಯಾರು' ಎಂಬ ಗೊಂದಲದ ಬಗ್ಗೆ ಬಹಳ ಬರೆದ ಎರಿಕ್ ಎರಿಕ್‌ಸನ್ ತಾವೇ ಮೊದಲು ಊರೂರು ಅಲೆದ ಚಿತ್ರಕಾರ. 1927ರಲ್ಲಿ ವಿಯೆನ್ನಾದ ಪುಟ್ಟ ಶಾಲೆಯೊಂದಕ್ಕೆ ಸೇರಿ ಮಕ್ಕಳಿಗೆ ಕಲಿಸಿದವರು. ಕಾಲಿಟ್ಟು ನೋಡದೆ ಅಳತೆ ಗೊತ್ತಾಗುವುದಿಲ್ಲ ಎಂಬುದು ಅವರ ಬರಹದಿಂದ ನನಗೆ ದಕ್ಕಿದ್ದು. ಆ ಅನಿಮೆ ಹುಡುಗಿಯನ್ನು ಬೈತಖೋಲ್ ಬಂದರಿಗೆ ಕರೆತರಲು ಹೇಳಿ. ಜೂನ್, ಜುಲೈನ ಮೀನುಗಾರಿಕೆ ನಿಷೇಧದಲ್ಲಿ ಬೋಟುಗಳೆಲ್ಲ ಕಟ್ಟಿಹಾಕಿರುವಾಗ ಅವಳು ಅಲ್ಲೇನು ಮಾಡುತ್ತಾಳೆ? ಒಂದು ಪುಟದ ಕಾಮಿಕ್ ಸಾಕು. ಪರಕೀಯ ಮುಖ ನಿಧಾನಕ್ಕೆ ಅವಳದಾಗುತ್ತದೆ.

ಶಾಲೆಯವರಿಗೂ ಒಂದು ಮಾತು. ಸ್ವಂತ ಚಿತ್ರವೆಂದರೆ ಮುಖವೇ ಆಗಬೇಕೆಂದಿಲ್ಲ. ಚೀಲದೊಳಗಿನ ಸಾಮಾನು ಬರೆಯಲಿ, ಚಪ್ಪಲಿ ಬರೆಯಲಿ, ನೆರಳಿನ ಸುತ್ತ ಗೆರೆ ಎಳೆಯಲಿ.

ರವೀಂದ್ರನಾಥ ಟ್ಯಾಗೋರರು ನಿಮ್ಮೂರಿಗೆ ಬಂದದ್ದು 22ರ ಹರೆಯದಲ್ಲಿ, ಅಣ್ಣ ಇಲ್ಲಿ ನ್ಯಾಯಾಧೀಶರಾಗಿದ್ದಾಗ. ಬೀಚಿಗೆ ಅವರ ಹೆಸರಿದೆ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನೇ ಗೀಚಿ ಗೀಚಿ ಪಕ್ಷಿ, ಪ್ರಾಣಿ ಮಾಡುತ್ತ ಅವರು ಚಿತ್ರಕ್ಕಿಳಿದದ್ದು ಮಾತ್ರ ಅರವತ್ತು ದಾಟಿದ ಮೇಲೆ. ಮೊದಲ ಪ್ರದರ್ಶನ 1930ರಲ್ಲಿ, ಪ್ಯಾರಿಸ್ಸಿನಲ್ಲಿ. ಮಗಳ ತೂತಾದ ಹಾಳೆಯನ್ನು ಎಸೆಯಬೇಡಿ. ತೂತಿನ ಹಿಂದೆ ಬೇರೊಂದು ಕಾಗದ ಅಂಟಿಸಿದರೆ ಅದೇ ಬಾಯಿ ಆದೀತು, ಕಣ್ಣಾದೀತು.

ಪ್ರಶ್ನೆ: ಹೊನ್ನಾವರದಿಂದ ಬರೆಯುತ್ತಿದ್ದೇನೆ. ಮಗನಿಗೆ ಒಂಬತ್ತು. 'ದೊಡ್ಡವನಾದ ಮೇಲೆ ನಾನು' ಎಂಬ ಚಿತ್ರದಲ್ಲಿ ಸೀರೆ ಉಟ್ಟು, ಮುಡಿ ಕಟ್ಟಿ, ಬಳೆ ತೊಟ್ಟು ನಿಂತಿದ್ದಾನೆ. ಪ್ರತಿ ವರ್ಷ ನನ್ನ ಜೊತೆ ಯಕ್ಷಗಾನದ ಆಟ ನೋಡಲು ಬರುವವನು. ಮನೆಗೆ ಬಂದ ನೆಂಟರು ನಕ್ಕರು. ಸಿಟ್ಟು ಬಂದು ಹರಿದುಹಾಕಿದೆ. ಯಾರಿಗಾದರೂ ತೋರಿಸಬೇಕೇ?

ಉತ್ತರ: ಹುಡುಗನನ್ನು ಯಾರಿಗೂ ತೋರಿಸಬೇಕಿಲ್ಲ. ನಮ್ಮ ಕಡೆಯ ಯಕ್ಷಗಾನವಾದ ಬಡಗುತಿಟ್ಟಿನಲ್ಲಿ ಸ್ತ್ರೀವೇಷದಿಂದಲೇ ಹೆಸರಾದ ಗಂಡಸರನ್ನು ನೀವು ನನಗಿಂತ ಹೆಚ್ಚು ಬಲ್ಲಿರಿ. ಅವರ ಕುಣಿತಕ್ಕೆ, ಮಾತಿಗೆ ತಲೆದೂಗಿ ಬೆಳಗು ಮಾಡಿದವರು, ಮಗ ಅದನ್ನೇ ಬರೆದರೆ ಹರಿಯುವುದೇ?

ಅವನಿಗೆ ವೇಷ ಕಟ್ಟುವ ಆಸೆಯಿರಬಹುದು. ಬಣ್ಣ, ಆಭರಣಗಳ ಮೋಹವಿರಬಹುದು. ತನ್ನ ಬಗ್ಗೆಯೇ ಬೇರೇನೋ ಹೇಳುತ್ತಿರಬಹುದು. ಒಂಬತ್ತರಲ್ಲಿ, ಒಂದೇ ಚಿತ್ರದಿಂದ, ಇದರಲ್ಲಿ ಯಾವುದೆಂದು ನಾನು ಹೇಳಲಾರೆ, ನೀವೂ ಹೇಳಬೇಡಿ. ಜಾತಕ ಓದಿದ ಹಾಗೆ ಚಿತ್ರ ಓದುವವರು ಈಗ ಬಹಳ ಇದ್ದಾರೆ, ದೂರವಿರಿ. ಮುಂದೊಂದು ದಿನ ಅವನು ಏನೇ ಹೇಳುವುದಿದ್ದರೂ ಮೊದಲು ನಿಮ್ಮ ಹತ್ತಿರ ಹೇಳುವಂತಿರಬೇಕು. ನಿಗಾ ಇಡಬೇಕಾದದ್ದು ಬೇರೆ ಕಡೆ: ಬೆಳಿಗ್ಗೆ ಶಾಲೆಗೆ ಹೊರಡುವಾಗಲೇ ಹೊಟ್ಟೆನೋವು ಬರುತ್ತಿದೆಯೇ, ಗೆಳೆಯರು ಅಡ್ಡಹೆಸರಿಟ್ಟಿದ್ದಾರೆಯೇ? ಹಾಗಿದ್ದರೆ ಮಾತಾಡಬೇಕಾದದ್ದು ಮಾಸ್ತರರ ಹತ್ತಿರ.

ಹರಿದ ಚೂರುಗಳು ಇನ್ನೂ ಮನೆಯಲ್ಲಿದ್ದರೆ ಹುಡುಕಿ ತೆಗೆಯಿರಿ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅನ್ನದ ಅಗುಳು ಹಿಸುಕಿ ಅಂಟಿಸಿ. ಮುಡಿಯ ಚೂರು ಸಿಗದಿದ್ದರೆ ಅಲ್ಲಿ ಹೇಗಿತ್ತೆಂದು ಅವನನ್ನೇ ಕೇಳಿ.