ಸುಲೋಚನಾ ಲೇಖನ: ಸಂಪಾದಕರ ಉತ್ತರ

ಮಾನ್ಯರೇ,

ಮೂಕಿ ಚಿತ್ರಗಳ ಕಾಲದ ತಾರೆ ಸುಲೋಚನಾ, ಅಂದರೆ ರೂಬಿ ಮೈಯರ್ಸ್, ಅವರನ್ನು ಕುರಿತ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ವಸ್ತು ಒಳ್ಳೆಯದಾದ್ದರಿಂದ ಮುಲಾಜಿಲ್ಲದೆ ಬರೆಯುತ್ತಿದ್ದೇನೆ.

ಆಕೆಗಾಗಿ ಮರುಗಬೇಕೆಂದು ಮೊದಲೇ ತೀರ್ಮಾನಿಸಿ ನೀವು ಬರೆಯಲು ಕುಳಿತಂತಿದೆ. ಪುಣೆಯ ಬಾಗ್ದಾದಿ ಯಹೂದಿ ಸಮುದಾಯದ ಟೆಲಿಫೋನ್ ಆಪರೇಟರ್ ಹುಡುಗಿ, ಕೊಹಿನೂರ್ ಚಿತ್ರ ಕಂಪನಿಯ ನಿರ್ದೇಶಕ ಮೋಹನ್ ಭವನಾನಿಯವರ ಕಣ್ಣಿಗೆ ಬಿದ್ದು ತಾರೆಯಾದದ್ದನ್ನು ಚುರುಕಾಗಿಯೇ ಹೇಳಿದ್ದೀರಿ. (ಈ ಭವನಾನಿಯವರೇ ಮುಂದೆ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಮೃಚ್ಛಕಟಿಕ ಆಧಾರಿತ ಮೂಕಿ ಚಿತ್ರದಲ್ಲಿ ನಟಿಸುವಂತೆ ಮಾಡಿದವರು, ನಮ್ಮ ಓದುಗರಿಗೆ ಅದೊಂದು ಸಾಲು ಬೇಕು.) ಆದರೆ ‘ಮಾತಿನ ಚಿತ್ರ ಬಂದೊಡನೆ ಆಕೆಯ ಬಾಳು ಕತ್ತಲಾಯಿತು’ ಎಂದು ನೀವು ಬರೆದದ್ದು ನಿಜವಲ್ಲ. ಹಿಂದೂಸ್ತಾನಿ ಸರಾಗವಾಗಿ ಬಾರದೆ ಹಿನ್ನಡೆಯಾದದ್ದು ಹೌದು. ಆದರೆ ಆ ಭಾಷೆಯನ್ನು ಕಲಿತು, ತಮ್ಮದೇ ಮೂಕಿ ಚಿತ್ರಗಳ ಮಾತಿನ ಆವೃತ್ತಿಗಳಲ್ಲಿ ಅವರು ಮರಳಿ ಬಂದರು. 1928ರ ‘ಮಾಧುರಿ’ 1932ರಲ್ಲಿ ಮಾತಾಡಿತು. 1928ರ ಮೂಕಿಯಲ್ಲಿ ಅನಾರ್ಕಲಿಯಾಗಿದ್ದವರು 1935ರ ಮಾತಿನ ಚಿತ್ರದಲ್ಲೂ ಅನಾರ್ಕಲಿಯಾದರು. 1953ರಲ್ಲಿ ಅದೇ ಕಥೆ ಮತ್ತೆ ತೆರೆಗೆ ಬಂದಾಗ ಅನಾರ್ಕಲಿಯ ಪ್ರಿಯಕರ ಸಲೀಮನ ತಾಯಿಯಾಗಿ ನಿಂತರು. ಒಂದೇ ಕಥೆಯೊಳಗೆ ಪ್ರೇಯಸಿಯಿಂದ ಅತ್ತೆಯ ಸ್ಥಾನಕ್ಕೆ ಸರಿದ ಈ 25 ವರ್ಷಗಳನ್ನು ನೀವು ಅರ್ಧ ವಾಕ್ಯದಲ್ಲಿ ಮುಗಿಸಿದ್ದೀರಿ. ನನ್ನ ಮಟ್ಟಿಗೆ ನಿಮ್ಮ ಲೇಖನ ಇರುವುದೇ ಅಲ್ಲಿ.

ಆಕೆಯ ಸಂಬಳ ಬೊಂಬಾಯಿ ಗವರ್ನರ್ ಸಂಬಳಕ್ಕಿಂತ ಹೆಚ್ಚಿತ್ತೆಂಬ ಮಾತನ್ನು ಎಲ್ಲರಂತೆ ನೀವೂ ಎತ್ತಿ ಬರೆದಿದ್ದೀರಿ. 1935ರ ಭಾರತ ಸರ್ಕಾರ ಕಾಯ್ದೆ ಆ ಗವರ್ನರ್‌ಗೆ ನಿಗದಿಪಡಿಸಿದ್ದು ವರ್ಷಕ್ಕೆ 1,20,000 ರೂಪಾಯಿ, ಅಂದರೆ ತಿಂಗಳಿಗೆ 10,000. ಆಕೆಗೆ ತಿಂಗಳಿಗೆ 5,000 ಬರುತ್ತಿತ್ತೆಂಬ ನಿಮ್ಮದೇ ಅಂಕಿಯನ್ನು ಒಪ್ಪಿದರೂ ಲೆಕ್ಕ ಕೂಡುವುದಿಲ್ಲ. ಐದು ಸಾವಿರ ತಾನಾಗಿಯೇ ದೊಡ್ಡ ಮೊತ್ತ. ಅದಕ್ಕೆ ಗವರ್ನರ್ ಸಾಕ್ಷಿ ಬೇಕಿಲ್ಲ.

ಇನ್ನೂ ಗಂಭೀರವಾದ ಆಕ್ಷೇಪವೊಂದಿದೆ. ಆಕೆ ಎಂಟು ಪಾತ್ರಗಳನ್ನು ವಹಿಸಿದ್ದ 1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯ ಸಮೀಪ ದೃಶ್ಯವೊಂದರಲ್ಲಿ ‘ಕಣ್ಣಂಚಿನಲ್ಲಿ ತುಳುಕಿದ ಹನಿ’ಯನ್ನು ಒಂದು ಪ್ಯಾರಾ ಪೂರ್ತಿ ವರ್ಣಿಸಿದ್ದೀರಿ. ಆ ಚಿತ್ರ ಉಳಿದಿಲ್ಲ. ಬೇಗ ಬೆಂಕಿ ಹತ್ತುವ, ತಾನಾಗಿಯೇ ಕೊಳೆಯುವ ನೈಟ್ರೇಟ್ ಫಿಲ್ಮಿನ ಮೇಲಿದ್ದ ನಮ್ಮ ಮೂಕಿ ಚಿತ್ರಗಳಲ್ಲಿ ಬಹುಪಾಲು ನಾಶವಾಗಿವೆ. ನೋಡಲಾಗದ್ದನ್ನು ನೋಡಿದಂತೆ ಬರೆದರೆ, ನೀವು ಸರಿಯಾಗಿ ತಿಳಿದು ಬರೆದದ್ದನ್ನೂ ಓದುಗ ಅನುಮಾನಿಸುತ್ತಾನೆ. ಉಳಿದಿರುವ ಸ್ಥಿರಚಿತ್ರ, ಜಾಹೀರಾತುಗಳ ಬಗ್ಗೆ ಬರೆಯಿರಿ. ಅವುಗಳಲ್ಲಿ ಕಾಣುವ ಉಡುಪು, ನಿಲುವು, ನೋಟ ಇವೇ ಸಾಕಷ್ಟು ಹೇಳುತ್ತವೆ.

ಕೊನೆಯ ಪುಟವನ್ನು ಪೂರ್ತಿ ತೆಗೆಯಿರಿ. 1973ರ ಫಾಲ್ಕೆ ಪ್ರಶಸ್ತಿ ಮತ್ತು 1983ರ ಸಾವಿಗೆ ಎರಡು ವಾಕ್ಯ ಸಾಕು. ‘ಅನಾರ್ಕಲಿ’ಯ ಮೂರು ಚಿತ್ರಗಳನ್ನು ನಡುವೆ ಇಟ್ಟು, ಈಗಿನ ಅರ್ಧದಷ್ಟು ಉದ್ದದಲ್ಲಿ ಹೊಸದಾಗಿ ಬರೆದು ಕಳುಹಿಸಿ.

— ಸಂಪಾದಕ