ಲ್ಯಾಟಿನ್‌ನ ಗುರು-ಲಘು ಇಟಾಲಿಯನ್‌ಗೆ ಯಾಕೆ ಬರಲಿಲ್ಲ?

ಲ್ಯಾಟಿನ್ ಪದ್ಯದಲ್ಲಿ ನಮ್ಮ ಹಾಗೇ ಗುರು-ಲಘು ಇತ್ತಲ್ಲ, ಅದರಿಂದ ಹುಟ್ಟಿದ ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್‌ನಲ್ಲಿ ಯಾಕಿಲ್ಲ ಅಂತ ಕೇಳಿದ್ದೀರಿ. ಕಾರಣ ಕವಿಗಳಲ್ಲ, ಕಿವಿ. ಜನರ ಮಾತಿನಲ್ಲಿ ಹ್ರಸ್ವ-ದೀರ್ಘದ ವ್ಯತ್ಯಾಸವೇ ಅಳಿಸಿಹೋಯಿತು.

ಮೊದಲು ಲ್ಯಾಟಿನ್ ನೋಡಿ. ರೋಮನ್ ಕವಿ ವರ್ಜಿಲ್‌ನ ಮಹಾಕಾವ್ಯ ‘ಈನಿಡ್’ ಶುರುವಾಗುವುದು ಹೀಗೆ: ‘ಅರ್ಮ ವಿರುಂಕ್ವೆ ಕನೋ ತ್ರೋಯೈ ಕ್ವೀ ಪ್ರೀಮುಸ್ ಅಬ್ ಓರೀಸ್’. ಶಾಲೆಯಲ್ಲಿ ಪ್ರಸ್ತಾರ ಹಾಕುತ್ತಿದ್ದ ಹಾಗೇ ಹಾಕಿ:

ಅರ್-ಮ-ವಿ | ರುಂ-ಕ್ವೆ-ಕ | ನೋ-ತ್ರೋ | ಯೈ-ಕ್ವೀ | ಪ್ರೀ-ಮು-ಸ | ಬೋ-ರೀಸ್

ಒಂದು, ಎರಡು, ಐದನೆಯದು ನಮ್ಮ ಭಗಣ. ಉಳಿದವು ಎರಡೆರಡು ಗುರು. ಎಲ್ಲವೂ ನಾಲ್ಕು ಮಾತ್ರೆಯ ಗಣ. ‘ಅರ್’ನಲ್ಲಿ ಸ್ವರ ಹ್ರಸ್ವವೇ, ವ್ಯಂಜನ ಸೇರಿದ್ದಕ್ಕೆ ಗುರುವಾಯಿತು. ಕಂದಪದ್ಯ ಓದಿದವರಿಗೆ ಇದೇನೂ ಹೊಸದಲ್ಲ, ಅಲ್ವಾ? ಆದರೆ ಅವರು ನಮಗಿಂತ ಬಿಗಿ. ಪ್ರತಿ ಗಣವೂ ಗುರುವಿನಿಂದಲೇ ಶುರುವಾಗಬೇಕು. ನಾಲ್ಕು ಲಘುವಿಗೆ ಜಾಗವೇ ಇಲ್ಲ.

ಮಾತಿನಲ್ಲಿ ಈ ಹ್ರಸ್ವ-ದೀರ್ಘ ಸಡಿಲವಾದದ್ದಕ್ಕೆ ಒಳ್ಳೆಯ ಸಾಕ್ಷಿ ಉತ್ತರ ಆಫ್ರಿಕಾದ ಕ್ರೈಸ್ತ ಗುರು ಸಂತ ಆಗಸ್ಟಿನ್. ‘ಓಸ್’ ಅಂದರೆ ಬಾಯಿ, ‘ಒಸ್’ ಅಂದರೆ ಮೂಳೆ. ಆಫ್ರಿಕಾದವರ ಕಿವಿಗೆ ಈ ಹ್ರಸ್ವ-ದೀರ್ಘ ತಿಳಿಯುವುದಿಲ್ಲ ಅಂತ ಅವನೇ ಬರೆದಿದ್ದಾನೆ. ನಮಗೆ ಬಳೆ, ಬಾಳೆ ಎರಡೂ ಒಂದೇ ಥರ ಕೇಳಿಸಿದರೆ ಹೇಗಿರುತ್ತದೆ, ಊಹಿಸಿ! ಜನಸಾಮಾನ್ಯರು ಹಾಡಲಿ ಅಂತ 393ರ ಸುಮಾರಿಗೆ ಅವನು ಒಂದು ಪದ್ಯ ಕಟ್ಟಿದ. ಅದರಲ್ಲಿ ಗುರು-ಲಘುವಿನ ಗೊಡವೆಯೇ ಇಲ್ಲ. ಸಾಲಿಗೆ ಸುಮಾರು 16 ಅಕ್ಷರ, ಎಲ್ಲ ಸಾಲಿನ ಕೊನೆಗೂ ಒಂದೇ ಸ್ವರ.

ಮುಂದೆ ನಡೆದದ್ದೂ ಇದೇ ದಾರಿಯಲ್ಲಿ. ಅಕ್ಷರ ಎಣಿಸು, ಕೊನೆಗೆ ಪ್ರಾಸ ಇಡು. ನಮ್ಮ ಎರಡನೇ ಅಕ್ಷರದ ಪ್ರಾಸ ಅವರಿಗೆ ಬರಲಿಲ್ಲ. ಫ್ರೆಂಚರ ದೊಡ್ಡ ಸಾಲಿಗೆ 12 ಅಕ್ಷರ, ಆರಕ್ಕೊಂದು ನಿಲುಗಡೆ. ಸ್ಪೇನ್‌ನ ಹಳೆಯ ಕಥನಗೀತೆಗಳಿಗೆ 8.

ನನಗೆ ಮಜಾ ಅನಿಸುವುದು ಇಟಾಲಿಯನ್ನರ 11 ಅಕ್ಷರದ ಸಾಲು. ಅವರ ಮಹಾಕವಿ ಡಾಂಟೆಯ ‘ನೆಲ್ ಮೆಜ್ಜೊ ದೆಲ್ ಕಮ್ಮಿನ್ ದಿ ನೊಸ್ತ್ರ ವೀತ’ ಎಣಿಸಿ, ಸರಿಯಾಗಿ 11. ಆದರೆ ‘11 ಅಕ್ಷರದ್ದು’ ಅಂತಲೇ ಕರೆಯುವ ಸಾಲಿನಲ್ಲಿ ಕೆಲವೊಮ್ಮೆ 10 ಇರುತ್ತದೆ, ಕೆಲವೊಮ್ಮೆ 12! ಯಾಕೆಂದರೆ ಅವರಿಗೆ ಮುಖ್ಯವಾದದ್ದು ಒತ್ತಿ ಹೇಳುವ ಕೊನೆಯ ಅಕ್ಷರ. ಅದು ಹತ್ತನೆಯದಾಗಿರಬೇಕು, ಇಲ್ಲಿನ ‘ವೀ’ ಥರ. ಆಮೇಲೆ ಬಾಲ ಎಷ್ಟಿದ್ದರೂ ನಡೆಯುತ್ತದೆ. ನೀವೇ ಎಣಿಸುವಾಗ ಒಂದು ನೆನಪಿಡಿ: ಪದದ ಕೊನೆಯ ಸ್ವರಕ್ಕೆ ಮುಂದಿನ ಪದದ ಸ್ವರ ತಾಗಿದರೆ ಸಾಮಾನ್ಯವಾಗಿ ಎರಡೂ ಸೇರಿ ಒಂದೇ ಅಕ್ಷರ. ಇಲ್ಲದಿದ್ದರೆ ಲೆಕ್ಕ ಸುಮ್ನೆ ಜಾಸ್ತಿ ಬರುತ್ತದೆ.